ಬಂದವರಿಗೆಲ್ಲ ಒಂದು ಹನಿ

ಇಪ್ಪತ್ತಾರು ವರ್ಷಗಳಿಂದ ನಾನು ಒಂದೇ ಕುರ್ಚಿಯಲ್ಲಿ ಕೂತು ಒಂದೇ ಮಾತು ಹೇಳುತ್ತಿದ್ದೇನೆ. ಸಿಹಿ ಬಿಡಿ, ನಡೆಯಿರಿ, ಮಾತ್ರೆ ತಪ್ಪಿಸಬೇಡಿ. ಎದುರಿಗೆ ಕೂತವರು ತಲೆಯಾಡಿಸುತ್ತಾರೆ, ಎದ್ದು ಹೋಗಿ ಗೇಟಿನ ಪಕ್ಕದ ಅಂಗಡಿಯಲ್ಲಿ ಬಣ್ಣದ ಸೋಡಾ ಕುಡಿಯುತ್ತಾರೆ. ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗೆ. ಮೆಕ್ಸಿಕೊದ ನಮ್ಮ ಈ ತೆವಾಂತೆಪೆಕ್ ಸೀಮೆಯಲ್ಲಿ ನರ್ಸ್ ಒದಿಲಿಯಾ ಎಂದರೆ ಬೈಯುವವಳು ಎಂದೇ ಹೆಸರು. ಬೈದು ಬೈದು ನನಗೂ ಸಾಕಾಗಿದೆ.

ನನ್ನ ಮಾತನ್ನು ಅಕ್ಷರ ಬಿಡದೆ ಪಾಲಿಸಿದವರು ಈ ಊರಿನಲ್ಲಿ ಒಬ್ಬರೇ, ನಾವೆಲ್ಲ ಗೌರವದಿಂದ ದೋನ್ಯಾ ಎಂದು ಕರೆಯುವ ರುಫಿನಾ. ಮಖಮಲ್ಲಿನ ಮೇಲೆ ಹೂವು ಕಸೂತಿ ಹಾಕುವವರು. ಅರವತ್ತೊಂದು ವಯಸ್ಸು, ಗಂಡ ತೀರಿಕೊಂಡು ಹನ್ನೆರಡು ವರ್ಷ, ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳಿಲ್ಲ. ಅಂಗಳದ ಹುಣಸೆ ಮರದ ಕೆಳಗೆ ಮರದ ಚೌಕಟ್ಟು ಹೂಡಿ, ಕಪ್ಪು ಮಖಮಲ್ಲನ್ನು ಬಿಗಿದು, ಊಟದ ತಟ್ಟೆಯಷ್ಟು ಅಗಲದ ಹೂಗಳನ್ನು ತೆಗೆಯುವುದು ಅವರ ಕೆಲಸ. ಮೇ ತಿಂಗಳ ಹಬ್ಬದಲ್ಲಿ ಅವರ ಹೂವು ಉಟ್ಟ ಹೆಂಗಸು ನಡೆದು ಬಂದರೆ ಉಳಿದವರು ತಮ್ಮ ಲಂಗ ಸರಿಮಾಡಿಕೊಳ್ಳುತ್ತಿದ್ದರು.

ಸಕ್ಕರೆ ಕಾಯಿಲೆ ಬಂದು ಹದಿನಾಲ್ಕು ವರ್ಷ. ಎಣಿಸಿ ಹೊಲಿಗೆ ಹಾಕುವ ಕೈ ಅಲ್ಲವೇ, ಊಟವನ್ನೂ ಎಣಿಸಿಯೇ ಮಾಡುತ್ತಿದ್ದರು. ಆದರೂ ಎರಡು ವರ್ಷದಿಂದ ಎರಡೂ ಕಣ್ಣಿಗೆ ಪೊರೆ. ನೇರಳೆ ದಾರ ಯಾವುದು, ಕಪ್ಪು ದಾರ ಯಾವುದು ಎಂದು ಪಕ್ಕದ ಮನೆಯವರನ್ನು ಕೇಳುವ ಹಾಗಾಯಿತು. ಚೌಕಟ್ಟಿನ ಮೇಲೆ ಆಗ ಇದ್ದದ್ದು ನಯೇಲಿಯ ಬಟ್ಟೆ. ಮಗುವಾಗಿದ್ದ ನಯೇಲಿಯನ್ನು ಚರ್ಚಿನಲ್ಲಿ ದೀಕ್ಷೆಯ ನೀರಿನ ಮೇಲೆ ಎತ್ತಿ ಹಿಡಿದವರು ರುಫಿನಾ. ಹಾಗೆ ಹಿಡಿದವಳು ಆ ಹುಡುಗಿಗೆ ಮೊದಲ ಹಬ್ಬದ ಉಡುಪು ಕೊಡಬೇಕು. ಕೊಡದೆ ಸತ್ತರೆ ಗೋರಿಯ ಮಣ್ಣು ಹಗುರಾಗುವುದಿಲ್ಲ ಎನ್ನುತ್ತಾರೆ ನಮ್ಮಲ್ಲಿ. ಕಣ್ಣಿನ ಆಪರೇಷನ್ ಆದರೆ ಮೇ ತಿಂಗಳೊಳಗೆ ಬೆನ್ನು, ಅಂಚು ಮುಗಿಯುತ್ತವೆ, ಆಗದಿದ್ದರೆ ಇಲ್ಲ. ಲೆಕ್ಕ ಅಷ್ಟೇ.

ಮೂರು ತಿಂಗಳ ಸರಾಸರಿ ತೋರಿಸುವ ರಕ್ತಪರೀಕ್ಷೆಗೆ ಬೇಕಾದ ದ್ರಾವಣ ನಮ್ಮ ಆಸ್ಪತ್ರೆಗೆ ಬರುವುದು ಯಾವತ್ತೋ ನಿಂತಿತ್ತು. ಅದರ ಬದಲಿಗೆ ಆಪ್ ಬಂತು. ಬೆರಳು ಚುಚ್ಚಿ ಹನಿಯನ್ನು ಸ್ಟ್ರಿಪ್ಪಿಗೆ ಮುಟ್ಟಿಸಿದರೆ ಮಿಷನ್ನಿನಲ್ಲಿ ಬಂದ ಅಂಕಿ ತಾನಾಗಿಯೇ ಫೋನಿಗೆ ಹಾರುತ್ತದೆ, ಫೋನಿನಿಂದ ಮೆಕ್ಸಿಕೊ ನಗರಕ್ಕೆ ಹಾರುತ್ತದೆ. ದಿನಕ್ಕೆ ಮೂರು ಸಲ ನೋಡಿಕೊಂಡರೆ ಒಂದು ಹಸಿರು ನಕ್ಷತ್ರ. ವರ್ಷಕ್ಕೊಮ್ಮೆ, ನವೆಂಬರಿನಲ್ಲಿ, ಅಲ್ಲಿಂದ ಕಣ್ಣಿನ ಡಾಕ್ಟರುಗಳು ಪಕ್ಕದ ಪಟ್ಟಣಕ್ಕೆ ಬಂದು ಹತ್ತು ದಿನ ಬಿಡಾರ ಹೂಡುತ್ತಾರೆ. ಯಾರಿಗೆ ಆಪರೇಷನ್ ಎಂಬ ಪಟ್ಟಿಯನ್ನು ಮಾಡುವುದೂ ಆಪೇ. ಮೂರು ತಿಂಗಳ ಸರಾಸರಿ ನೂರಾ ಅರವತ್ತು ಮೀರಿರಬಾರದು. ಮೀರಿದರೆ ಗಾಯ ಮಾಯುವುದಿಲ್ಲ, ಅದು ನಿಜವೇ.

ರುಫಿನಾ ಅವರ ಬಗ್ಗೆ ನನಗೆ ಚಿಂತೆಯೇ ಇರಲಿಲ್ಲ. ಅಕ್ಟೋಬರ್ ಕೊನೆಯಲ್ಲಿ ಪಟ್ಟಿ ತೆರೆದು ನೋಡಿದರೆ ಅವರ ಹೆಸರಿನ ಮುಂದೆ ಕೆಂಪಕ್ಷರದಲ್ಲಿ ಇನ್ನೂರ ಹದಿನಾಲ್ಕು.

ಕೊಡೆ ಹಿಡಿದು ನೇರ ಅವರ ಮನೆಗೆ ಹೋದೆ. ಕಾಲು ಸೀಸ ಕಟ್ಟಿದ ಹಾಗೆ ಭಾರ. ಬಾಯಿ ಒಣಗಿತ್ತು. ಅಂಗಳದಲ್ಲಿ ಕೂತು ಬಾಟಲಿಯ ನೀರನ್ನೆಲ್ಲ ಒಂದೇ ಉಸಿರಿಗೆ ಕುಡಿದು ಶುರುಮಾಡಿದೆ.

"ಏನ್ ದೋನ್ಯಾ, ನನ್ನ ಕಣ್ಣಿಗೇ ಮಣ್ಣೆರಚ್ತೀರಾ? ಇನ್ನೂರ ಹದಿನಾಲ್ಕು ಬಂದಿದೆ ಸರಾಸರಿ! ಕದ್ದುಮುಚ್ಚಿ ಏನ್ ತಿಂತಾ ಇದ್ದೀರಿ?"

"ಮಣ್ಣು ಬಿದ್ದಿರೋದು ನನ್ನ ಕಣ್ಣಿಗೆ ಮಗಳೇ, ನಿನ್ನ ಕಣ್ಣಿಗೆ ಯಾಕೆ ಎರಚಲಿ?" ಎಂದರು ಅವರು, ಸೂಜಿಯಿಂದ ತಲೆಯೆತ್ತದೆ. "ಎರಡು ತೊತೊಪೊ ರೊಟ್ಟಿ, ಒಂದು ತುಂಡು ಮೀನು, ಪಾಪಾಸುಕಳ್ಳಿ ಪಲ್ಯ. ಹದಿನಾಲ್ಕು ವರ್ಷದಿಂದ ಇದೇ. ನಮ್ಮೂರ ದನ ಕೂಡ ಇದಕ್ಕಿಂತ ರುಚಿಯಾಗಿ ತಿನ್ನತ್ತೆ."

"ಮತ್ತೆ ಇದೇನು? ನಿನ್ನೆ ಮಧ್ಯಾಹ್ನ ಇನ್ನೂರ ನಲವತ್ತು!"

"ಮಧ್ಯಾಹ್ನ ನಾನು ನೋಡ್ಕೊಳ್ಳೋದೇ ಇಲ್ಲವಲ್ಲ. ಬೆರಳು ಚುಚ್ಚಿಕೊಂಡರೆ ಮಖಮಲ್ಲಿಗೆ ರಕ್ತ ಹತ್ತತ್ತೆ. ಬೆಳಿಗ್ಗೆ ಒಂದು ಸಲ, ಎಡಗೈ ಕಿರುಬೆರಳಲ್ಲಿ, ಅಷ್ಟೇ."

ಹಾಗಿದ್ದರೆ ದಿನದಿನವೂ ಬರುತ್ತಿದ್ದ ಹಸಿರು ನಕ್ಷತ್ರ ಎಲ್ಲಿಂದ ಎಂದು ಕೇಳಬೇಕು ಎನ್ನುವಷ್ಟರಲ್ಲಿ ಮೀನು ಮಾರುವ ಲಿಬ್ರಾದಾ ತಲೆಯ ಮೇಲೆ ಬೋಗುಣಿ ಹೊತ್ತು ಒಳಗೆ ಬಂದಳು. ಬೋಗುಣಿ ಇಳಿಸಿದಳು, ಬೆರಳನ್ನು ನೀರಲ್ಲಿ ತೊಳೆದು ಒರೆಸಿಕೊಂಡಳು, ಯಾರೂ ಕೇಳದೆಯೇ ಕೈ ಮುಂದೆ ಚಾಚಿದಳು.

"ಬೇಗ ನೋಡಿ ದೋನ್ಯಾ, ಐಸ್ ಕರಗ್ತಾ ಇದೆ."

"ಕೂತ್ಕೊಳ್ಳೇ ಮೊದ್ಲು. ನಿಂತವರ ಬೆರಳು ನಾನು ಮುಟ್ಟಲ್ಲ." ರುಫಿನಾ ಹೊಸ ಸೂಜಿ ತೆಗೆದರು, ಚುಚ್ಚಿದರು, ಹನಿ ಒತ್ತಿದರು, ಮಿಷನ್ನನ್ನು ಮೂಗಿನ ಹತ್ತಿರ ಹಿಡಿದು ಓದಿದರು. "ನೂರಾ ತೊಂಬತ್ತೆರಡು. ನಿನ್ನೆಗಿಂತ ಪರವಾಗಿಲ್ಲ."

"ನಿನ್ನೆ ನಾದಿನಿ ಮನೇಲಿ ಕೇಕು. ತಿನ್ನದೇ ಇದ್ರೆ ಮುಖ ಊದಿಸ್ಕೊತಾಳೆ, ತಿಂದ್ರೆ ನನ್ನ ಕಾಲು ಊದ್ಕೊಳ್ಳತ್ತೆ. ನಾನೇನ್ ಮಾಡ್ಲಿ ಹೇಳಿ!"

ರುಫಿನಾ ಅವರ ಉಡಿಯ ಜೇಬಿನಲ್ಲಿ ಫೋನು ಟಿಣ್ ಎಂದಿತು. ತೆಗೆದು ನೋಡಿದೆ. 'ಭೇಷ್ ರುಫಿನಾ! ಇವತ್ತು ಮೂರು ಸಲ ನೋಡಿಕೊಂಡಿದ್ದೀರಿ' ಎಂದು ಬರೆದಿತ್ತು. ಪಕ್ಕದಲ್ಲಿ ನಕ್ಷತ್ರ.

ಲಿಬ್ರಾದಾ ಹೋದ ಮೇಲೆ ಒಂದೊಂದಾಗಿ ಕೇಳಿ ತಿಳಿದುಕೊಂಡೆ. ನಮ್ಮಲ್ಲಿ ಮನೆಗೆ ಬಂದವರನ್ನು ಬರಿಗೈಯಲ್ಲಿ ಕಳಿಸುವುದೆಂದರೆ ಮುಖಕ್ಕೆ ಬಾಗಿಲು ಹಾಕಿದ ಹಾಗೆ. ಮೊದಲು ರುಫಿನಾ ಅವರ ಮನೆಯಲ್ಲಿ ಸಿಹಿ ಬ್ರೆಡ್ಡು, ನೊರೆ ಬರಿಸಿದ ಕೋಕೋ ತಪ್ಪದೆ ಸಿಗುತ್ತಿತ್ತು. ಮನೆಯಲ್ಲಿಟ್ಟುಕೊಂಡರೆ ಕೈ ಸುಮ್ಮನಿರುವುದಿಲ್ಲ ಎಂದು ಕಾಯಿಲೆ ಬಂದ ಮೇಲೆ ಎರಡನ್ನೂ ಹೊಸಿಲ ಹೊರಗೇ ನಿಲ್ಲಿಸಿದರು. ಬಂದವರಿಗೆ ಸಕ್ಕರೆ ಇಲ್ಲದ ಕಾಫಿ ಕೊಟ್ಟು ನಾಚಿಕೆಯಿಂದ ಕುಗ್ಗಿಹೋಗುತ್ತಿದ್ದರು. ಆಮೇಲೆ ಆಪಿನವರು ತಿಂಗಳಿಗೆ ನೂರು ಸ್ಟ್ರಿಪ್ಪು ಕೊಟ್ಟರು. ಅವರಿಗೆ ಬೇಕಾದದ್ದು ಮೂವತ್ತು. ಉಳಿದದ್ದು ಕೊಡುವುದಕ್ಕೆ ಸಿಕ್ಕಿತಲ್ಲ! ಬನ್ನಿ, ಕೂತ್ಕೊಳ್ಳಿ, ಒಂದು ಹನಿ ನೋಡೋಣ. ಏಳು ತಿಂಗಳಿಂದ ಬೀದಿಗೆ ಬೀದಿಯೇ ಆ ಅಂಗಳದಲ್ಲಿ ಬೆರಳು ಚಾಚಿ ಹೋಗುತ್ತಿತ್ತು. ಕೆಲವರು ಸಾಲಾಗಿ ಬರುತ್ತಿದ್ದರಂತೆ, ಭಾನುವಾರ ಪ್ರಾರ್ಥನೆ ಮುಗಿಸಿಕೊಂಡು.

"ಸೂಜಿ?" ಎಂದೆ ಗಾಬರಿಯಿಂದ.

"ಒಬ್ಬೊಬ್ಬರಿಗೆ ಒಂದೊಂದು. ನೀನೇ ಹೇಳಿಕೊಟ್ಟಿದ್ದಲ್ಲ. ಅಷ್ಟೂ ಗೊತ್ತಾಗಲ್ವ ನಂಗೆ?"

"ಅಯ್ಯೋ ದೋನ್ಯಾ, ಅವರ ರಕ್ತ ಎಲ್ಲಾ ನಿಮ್ಮ ಲೆಕ್ಕಕ್ಕೆ ಹೋಗಿದೆ!"

ರುಫಿನಾ ಕಸೂತಿಯ ಸೂಜಿ ಕೆಳಗಿಟ್ಟರು. "ಮುಖ ನೋಡಿ ತೆರ್ಕೊಳ್ಳೋ ಫೋನು, ರಕ್ತ ನೋಡಿ ಯಾರದು ಅಂತ ತಿಳ್ಕೊಳ್ಳಲ್ವ?" ಎಂದರು. ನನಗೆ ನಗು ಬರಬೇಕಾಗಿತ್ತು, ಬರಲಿಲ್ಲ. ಪಟ್ಟಿ ಮುಚ್ಚುವುದಕ್ಕೆ ಐದು ದಿನ ಉಳಿದಿತ್ತು.

ಖಾಸಗಿ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿದ ಕಾಗದವನ್ನು ಆಪ್ ಒಪ್ಪುವುದಿಲ್ಲ. ಅದು ಒಪ್ಪುವುದು ಒಂದೇ ದಾರಿ. ತಪ್ಪು ಅಂಕಿಗಳನ್ನು ಒಂದೊಂದಾಗಿ ಮುಟ್ಟಿ, 'ಬೇರೆಯವರ ರಕ್ತ' ಎಂದು ಗುರುತು ಹಾಕಿ ಅಳಿಸಬೇಕು. ಮಾರನೆಯ ದಿನ ರಜೆ ಹಾಕಿ ಅವರ ಪಕ್ಕದಲ್ಲಿ ಕೂತೆ. ಅವರ ಬೆಳಗಿನದನ್ನು ಬಿಟ್ಟು ತೊಂಬತ್ತು ದಿನದಲ್ಲಿ ಇನ್ನೂರ ಎರಡು ಅಂಕಿ. ಯಾವುದು ಯಾರದು ಎಂದು ಹೇಗೆ ಹೇಳುತ್ತಾರೆ ಎಂದುಕೊಂಡಿದ್ದೆ. ನನ್ನ ಬುದ್ಧಿಗಿಷ್ಟು. ಹೂವಿನ ಎಸಳಿಗೆ ಎಷ್ಟು ಎಳೆ ಎಂದು ನಲವತ್ತು ವರ್ಷ ತಲೆಯಲ್ಲೇ ಇಟ್ಟುಕೊಂಡವರು.

"ಸೆಪ್ಟೆಂಬರ್ ಹನ್ನೊಂದು, ಸಂಜೆ, ನೂರಾ ಅರವತ್ತೆಂಟು?"

"ಅದು ಪಾದ್ರಿಗಳದು. ಉಪವಾಸದ ದಿನ ಅಂತ ಬೇರೆ ಹೇಳಿದ್ರು."

"ಹದಿಮೂರು, ಎಂಬತ್ತೊಂಬತ್ತು?"

"ಬ್ಯಾಂಡಿನಲ್ಲಿ ತುತ್ತೂರಿ ಊದೋನು. ಆ ಸೊಂಟ ನೋಡಿದ್ರೇನೇ ಗೊತ್ತಾಗಲ್ವ?"

ಹೀಗೆ ಮಧ್ಯಾಹ್ನದವರೆಗೆ ನಡೆಯಿತು. ಸರಾಸರಿ ಇನ್ನೂರ ಹದಿನಾಲ್ಕರಿಂದ ನೂರಾ ತೊಂಬತ್ತಕ್ಕೆ, ನೂರಾ ಎಪ್ಪತ್ತಕ್ಕೆ ಇಳಿಯುತ್ತ ಬಂತು. ಕೊನೆಗೆ ಹನ್ನೆರಡು ಅಂಕಿ ಉಳಿದವು. ಎಲ್ಲ ಸೋಮವಾರದವು, ಬೆಳಗಿನ ಜಾವದವು. ಮುನ್ನೂರ ಎಂಬತ್ತು, ನಾನೂರ ಎರಡು, ಮುನ್ನೂರ ಎಪ್ಪತ್ತೊಂದು.

"ಇದು ಯಾರದು?"

"ನಂದು."

"ಐದೂ ನಲವತ್ತಕ್ಕೆ ನಿಮ್ಮದು ನೂರಾ ಇಪ್ಪತ್ತೆಂಟು. ಐದೂ ಐವತ್ತೆರಡಕ್ಕೆ ನಾನೂರ ಎರಡು. ಹನ್ನೆರಡು ನಿಮಿಷದಲ್ಲಿ ಸಕ್ಕರೆ ಕಾರ್ಖಾನೆ ನುಂಗಿದ್ರಾ?"

"ನಂದು ಅಂದೆನಲ್ಲ. ಬಿಡು."

ಬಿಡುವ ಹಾಗಿರಲಿಲ್ಲ. ಮುನ್ನೂರರ ಒಳಗಿನದನ್ನು ಸುಮ್ಮನೆ ಅಳಿಸಬಹುದು. ಮುನ್ನೂರು ದಾಟಿದ್ದಕ್ಕೆ ಆಪ್ ಒಂದು ಚೌಕ ತೆರೆಯುತ್ತದೆ. ಯಾರದು, ಹೆಸರೇನು, ಆರೋಗ್ಯ ಚೀಟಿಯ ಸಂಖ್ಯೆ ಎಷ್ಟು? ಆ ಮನುಷ್ಯ ಮರುದಿನದೊಳಗೆ ಆಸ್ಪತ್ರೆಗೆ ಬಂದು ರಕ್ತ ಕೊಡಬೇಕು, ಕೊಟ್ಟ ಮೇಲೆಯೇ ಅಂಕಿ ಅಳಿಯುತ್ತದೆ. ನನ್ನ ಹೆಸರು ಹಾಕಿಬಿಡಲೇ ಎಂದು ಯೋಚಿಸಿದೆ. ನನ್ನ ರಕ್ತದಲ್ಲಿ ನಾನೂರು ಎಲ್ಲಿಂದ ಬರಬೇಕು?

ಯಾರದೆಂದು ನನಗೆ ಗೊತ್ತಿತ್ತು. ಸೋಮವಾರ ಬೆಳಗಿನ ಜಾವ ಆ ಮನೆಯ ಮುಂದೆ ನಿಲ್ಲುವ ಬಿಳಿ ವ್ಯಾನನ್ನು ಇಡೀ ಬೀದಿ ನೋಡಿದೆ. ದೋನ್ ಅನ್ಸೆಲ್ಮೊ, ನಯೇಲಿಯ ಅಪ್ಪ. ಉಪ್ಪಿನ ಕಡಲತೀರಕ್ಕೂ ನಮ್ಮೂರಿಗೂ ಮಧ್ಯೆ ಮೂವತ್ತೊಂದು ವರ್ಷದಿಂದ ಜನರನ್ನು ಒಯ್ಯುವವರು. ಫೆಬ್ರುವರಿಯಲ್ಲಿ ಅವರ ಲೈಸೆನ್ಸು ಹೊಸದು ಮಾಡಿಸಬೇಕು, ಅದಕ್ಕೆ ಆರೋಗ್ಯ ಚೀಟಿ ಬೇಕು. ಈ ಅಂಕಿ ಆ ಚೀಟಿಗೆ ಹತ್ತಿತೋ, ಸ್ಟೇರಿಂಗ್ ಮುಟ್ಟುವ ಹಾಗಿಲ್ಲ.

ಮಗುವಿನ ಅಪ್ಪನೂ, ಆ ಮಗುವನ್ನು ದೀಕ್ಷೆಗೆ ಹಿಡಿದವಳೂ ಒಬ್ಬರಿಗೊಬ್ಬರು ಕೊಂಪಾದ್ರೆ, ಕೊಮಾದ್ರೆ. ಜೊತೆಯಲ್ಲಿ ಆಡಿ ಬೆಳೆದವರಾದರೂ ಅವತ್ತಿನಿಂದ 'ನೀವು' ಎಂದೇ ಮಾತಾಡಬೇಕು. ಜಗಳವಾಡಬಾರದು, ಒಬ್ಬರ ಗುಟ್ಟನ್ನು ಇನ್ನೊಬ್ಬರು ಹೊರಗೆ ಹಾಕಬಾರದು. ಒಡಹುಟ್ಟಿದವರನ್ನು ಬಿಟ್ಟರೂ ಈ ನಂಟನ್ನು ಬಿಡುವ ಹಾಗಿಲ್ಲ.

"ಔಷಧಿನಾದ್ರೂ ತಗೋತಾರಾ ಆ ಮನುಷ್ಯ?" ಎಂದೆ.

"ಪಾಪಾಸುಕಳ್ಳಿ ರಸ ಕುಡೀತಾರೆ. ನಾನೇ ಅರೆದು ಕೊಡ್ತೀನಿ." ಆಮೇಲೆ ತಟ್ಟನೆ, "ಯಾವ ಮನುಷ್ಯ? ನಾನು ಯಾರ ಹೆಸರೂ ಎತ್ತಿಲ್ಲ," ಎಂದರು.

"ಹನ್ನೊಂದು ಜನರನ್ನ ಕೂರಿಸ್ಕೊಂಡು ಓಡಿಸ್ತಾರೆ ದೋನ್ಯಾ. ಕಣ್ಣು ಮಂಜಾದ್ರೆ? ನಿಮ್ಮ ಕಣ್ಣೂ ಹೋಗಿ, ಅವರೂ ಹೋಗಿ, ಆ ಜನರೂ ಹೋಗ್ಲಾ?"

ರುಫಿನಾ ನನ್ನ ಕೈ ಹಿಡಿದು ಎಳೆದು ಚೌಕಟ್ಟಿನ ಮಖಮಲ್ಲಿನ ಮೇಲೆ ಇಟ್ಟರು. ಅಂಗೈ ಕೆಳಗೆ ಹೂವು ದಪ್ಪಗೆ, ಬೆಚ್ಚಗಿತ್ತು. "ಇದರ ಮೇಲೆ ಆಣೆ ಮಾಡು ಒದಿ. ಅವರಿಗಾಗ್ಲಿ, ಬೇರೆ ಯಾರಿಗಾಗ್ಲಿ, ನೀನು ಬಾಯಿ ಬಿಡಬಾರದು. ನನ್ನನ್ನ ನಂಬಿ ಬೆರಳು ಕೊಟ್ಟಿದ್ದಾರೆ."

ಆಣೆ ಮಾಡಿದೆ. ಇವತ್ತಿಗೂ ಅದು ನನ್ನ ಪಾಪದ ಲೆಕ್ಕದಲ್ಲಿದೆ. ಹನ್ನೆರಡು ಅಂಕಿ ಹಾಗೆಯೇ ಉಳಿದವು. ಆಪ್ ಕೂಡಿ ಭಾಗಿಸಿ ಕೊನೆಯ ಸರಾಸರಿ ತೋರಿಸಿತು: ನೂರಾ ಅರವತ್ತೊಂದು.

ಒಂದೇ ಒಂದು ಹೆಚ್ಚು. ಮೆಕ್ಸಿಕೊ ನಗರಕ್ಕೆ ಫೋನು ಮಾಡಿ ಅಂಗಲಾಚಿದೆ. ಆ ಕಡೆಯ ಹುಡುಗಿ ಸಭ್ಯವಾಗಿಯೇ ಹೇಳಿದಳು, "ಪಟ್ಟಿ ಆಪ್ ಮಾಡೋದು ಮೇಡಂ, ನಾವಲ್ಲ." ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ನವೆಂಬರಿನಲ್ಲಿ ಬಡಗಣ ಗಾಳಿ ಎದ್ದು ಬಾಗಿಲು ಕಿಟಕಿ ಬಡಿಯತೊಡಗಿದ ಮೇಲೆ ಡಾಕ್ಟರುಗಳು ಬಂದರು. ನಮ್ಮೂರಿನ ಒಂಬತ್ತು ಜನರನ್ನು ಆಪರೇಷನ್ನಿಗೆ ಕರೆದುಕೊಂಡು ಹೋಗಲು ಗೊತ್ತು ಮಾಡಿದ ವ್ಯಾನು ದೋನ್ ಅನ್ಸೆಲ್ಮೊ ಅವರದೇ. ಬೇರೆ ವ್ಯಾನು ಮಾಡಿ ಎಂದು ನಾನು ನಮ್ಮ ಆಸ್ಪತ್ರೆಯ ದೊಡ್ಡ ಡಾಕ್ಟರಿಗೆ ಎರಡು ಸಲ ಹೇಳಿದೆ. ಯಾಕೆ ಎಂದು ಕೇಳಿದಾಗ ಬಾಯಿಗೆ ಬೀಗ. ನಾನೇ ಮುಂದಿನ ಸೀಟಿನಲ್ಲಿ ಕೂತು ದಾರಿಯುದ್ದಕ್ಕೂ ಅವರ ಕಣ್ಣನ್ನೇ ನೋಡುತ್ತ ಹೋಗಿ ಬಂದೆ. ಬೇರೇನು ಮಾಡಲು ಗೊತ್ತಾಗಲಿಲ್ಲ.

ಹೊರಡುವ ಮುಂಚೆ ವ್ಯಾನು ರುಫಿನಾ ಅವರ ಬಾಗಿಲಲ್ಲಿ ತಾನಾಗಿಯೇ ನಿಂತಿತು. ಅನ್ಸೆಲ್ಮೊ ಕಿಟಕಿಯಿಂದ ತಲೆ ಹಾಕಿ ಕೂಗಿದರು.

"ಕೊಮಾದ್ರೆ! ಹತ್ತೋದಿಲ್ವಾ? ನಿಮಗೆ ಅಂತಾನೇ ಕಿಟಕಿ ಪಕ್ಕ ಜಾಗ ಬಿಟ್ಟಿದ್ದೀನಿ."

"ಪಟ್ಟಿ ಉದ್ದ ಇತ್ತಂತೆ ಕೊಂಪಾದ್ರೆ. ನನ್ನ ಸರದಿ ಮುಂದಿನ ವರ್ಷ," ಎಂದರು ರುಫಿನಾ ಬಾಗಿಲ ಚೌಕಟ್ಟು ಹಿಡಿದುಕೊಂಡು. "ನೀವು ನಿಧಾನ ಓಡಿಸಿ. ಗಾಳಿ ಜಾಸ್ತಿ ಇದೆ."

ನಾನು ಮುಂದೆ ಕೂತು ತುಟಿ ಕಚ್ಚಿಕೊಂಡಿದ್ದೆ. ಸಿಟ್ಟು ಅವರ ಮೇಲೋ, ಇವರ ಮೇಲೋ, ನನ್ನ ಮೇಲೋ ತಿಳಿಯಲಿಲ್ಲ.

ಜನವರಿ ಹೊತ್ತಿಗೆ ರುಫಿನಾ ಅವರಿಗೆ ಫೋನಿನ ಅಕ್ಷರವಿರಲಿ, ಫೋನು ಎಲ್ಲಿದೆ ಎಂಬುದೂ ಕಾಣುತ್ತಿರಲಿಲ್ಲ. ಚೌಕಟ್ಟಿನ ಮುಂದೆ ಕೂತು ಮುಗಿದ ಹೂಗಳ ಮೇಲೆ ಬೆರಳಾಡಿಸುತ್ತಿದ್ದರು. ಉಡುಪಿನ ಬೆನ್ನು, ಕೆಳಗಿನ ಅಂಚು ಎರಡೂ ಬೋಳಾಗಿ ಉಳಿದಿದ್ದವು. ಬೀದಿಯವರಿಗೆಲ್ಲ ಹನಿ ನೋಡುವುದನ್ನು ನಾನು ಬಿಡಿಸಿದ್ದೆ. ಒಬ್ಬರಿಗೆ ಮಾತ್ರ ನೋಡುತ್ತಿದ್ದರು, ನಾನು ಹೇಳಿಕೊಟ್ಟ ಹಾಗೆ ಮಿಷನ್ನಿಗೂ ಫೋನಿಗೂ ಇರುವ ನಂಟನ್ನು ಮೊದಲು ಆಫ್ ಮಾಡಿ. ಬಂದವರು ತಾವೇ ಅಂಕಿ ಓದಿ ಹೇಳಬೇಕಾಗಿತ್ತು.

"ಈಗೀಗ ತುಂಬಾ ಇಳಿದಿದೆಯಂತೆ ಕಣೆ," ಎಂದು ಒಂದು ದಿನ ನನಗೆ ಹೇಳಿದರು. ಯಾರಿಗೆ ಎಂದು ಹೇಳಲಿಲ್ಲ. "ನೂರಾ ಇಪ್ಪತ್ತು, ನೂರಾ ಮೂವತ್ತು. ಕಳ್ಳಿ ರಸ ಹಿಡಿದಿದೆ."

ಅವರ ಮುಖದಲ್ಲಿ ಸಂತೋಷವಿತ್ತು. ಕಳ್ಳಿ ರಸ ಕುಡಿದು ನಾನೂರು ನೂರಾ ಇಪ್ಪತ್ತಾಗುವುದಿದ್ದರೆ ನಾನು ಇಪ್ಪತ್ತಾರು ವರ್ಷ ಆ ಕುರ್ಚಿಯಲ್ಲಿ ಯಾಕೆ ಕೂರುತ್ತಿದ್ದೆ?

ಮುಂದಿನ ಸೋಮವಾರ ಬೆಳಕು ಹರಿಯುವ ಮುಂಚೆಯೇ ಅವರ ಮನೆಗೆ ಹೋದೆ. ಫೋನು ಮಾತಾಡುವ ಹಾಗೆ ಮಾಡಿಕೊಡುತ್ತೇನೆ, ಅಂಕಿಯನ್ನು ಅದೇ ಓದಿ ಹೇಳುತ್ತದೆ ಎಂದೆ. ಅವರಿಗೆ ಖುಷಿಯಾಯಿತು. ಅವರ ಹನಿ ನೋಡಿದೆವು. "ನೂರಾ ಮೂವತ್ತೊಂದು. ಚೆನ್ನಾಗಿದೆ ರುಫಿನಾ," ಎಂದಿತು ಫೋನು ಹೆಂಗಸಿನ ದನಿಯಲ್ಲಿ.

"ಅಬ್ಬಾ, ಈಕೆ ನಿನ್ನ ಹಾಗೆ ಬೈಯಲ್ಲ!" ಎಂದು ನಕ್ಕರು.

ಆಗ ಹೊರಗೆ ವ್ಯಾನು ನಿಂತ ಸದ್ದಾಯಿತು. ಅನ್ಸೆಲ್ಮೊ ಒಣ ಸೀಗಡಿಯ ಪೊಟ್ಟಣ ಹಿಡಿದು ಒಳಗೆ ಬಂದರು. ನನ್ನನ್ನು ನೋಡಿ ಒಂದು ಗಳಿಗೆ ತಡೆದರು, ಆಮೇಲೆ ಟೋಪಿ ತೆಗೆದು ಕೂತರು. ತುಂಬ ಇಳಿದುಹೋಗಿದ್ದರು, ಬೆಲ್ಟಿಗೆ ಹೊಸ ತೂತು ಹೊಡೆಸಿದ್ದರು.

"ಆಫ್ ಮಾಡಿದ್ದೀಯಾ ಒದಿ?" ಎಂದರು ರುಫಿನಾ, ಅವರ ಬೆರಳನ್ನು ತಡವಿ ಹುಡುಕುತ್ತ.

ನಾನು ಒಂದು ಲೋಟ ನೀರು ಬಗ್ಗಿಸಿಕೊಂಡು ಕುಡಿದೆ, ಇನ್ನೊಂದು ಲೋಟ ಕುಡಿದೆ. ಫೋನು ನನ್ನ ತೊಡೆಯ ಮೇಲಿತ್ತು. ಬಾಯಿ ಬಿಡುವುದಿಲ್ಲ ಎಂದು ಆಣೆ ಇಟ್ಟಿದ್ದೆ. ಬಾಯಿ ಬಿಡಲಿಲ್ಲ. ಆಫ್ ಕೂಡ ಮಾಡಲಿಲ್ಲ.

ಚುಚ್ಚಿದರು. ಅನ್ಸೆಲ್ಮೊ ಮಿಷನ್ನನ್ನು ತಮ್ಮ ಕಡೆ ತಿರುಗಿಸಿಕೊಂಡು ನೋಡಿ, ಸರಾಗವಾಗಿ ಹೇಳಿದರು, "ನೂರಾ ಇಪ್ಪತ್ತೆರಡು, ಕೊಮಾದ್ರೆ."

"ನಾನೂರ ಹತ್ತೊಂಬತ್ತು," ಎಂದಿತು ಫೋನು. "ಅಪಾಯ. ಕೂಡಲೇ ಡಾಕ್ಟರನ್ನು ನೋಡಿ. ರುಫಿನಾ, ನಿಮ್ಮ ಸಕ್ಕರೆ ಮತ್ತೆ ಮಿತಿ ಮೀರಿದೆ. ಕಳೆದ ನವೆಂಬರಿನಲ್ಲಿ ಇದೇ ಕಾರಣಕ್ಕೆ ನಿಮ್ಮ ಹೆಸರನ್ನು ಕಣ್ಣಿನ ಶಸ್ತ್ರಚಿಕಿತ್ಸೆಯ ಪಟ್ಟಿಯಿಂದ ಕೈಬಿಡಲಾಗಿತ್ತು."

ಹುಣಸೆ ಮರದಲ್ಲಿ ಗಾಳಿ ಬೀಸಿತು. ರುಫಿನಾ ಅನ್ಸೆಲ್ಮೊ ಅವರ ಬೆರಳನ್ನು ಇನ್ನೂ ಬಿಟ್ಟಿರಲಿಲ್ಲ.

"ಪಟ್ಟಿ ಉದ್ದ ಇತ್ತು ಅಂದ್ರಲ್ಲ," ಎಂದರು ಅನ್ಸೆಲ್ಮೊ ಕೊನೆಗೆ.

"ಈ ಫೋನಿಗೆ ತಲೆ ಕೆಟ್ಟಿದೆ ಕೊಂಪಾದ್ರೆ. ಕಾಫಿ ಆರಿಹೋಗತ್ತೆ, ಕುಡೀರಿ."

"ನನ್ನ ರಕ್ತದಿಂದ ನಿಮ್ಮ ಕಣ್ಣು..."

"ನೂರಾ ಇಪ್ಪತ್ತೆರಡು ಅಂದ್ರಿ. ನಾನು ಅದನ್ನೇ ನಂಬಿದ್ದೀನಿ. ನೀವು ಯಾಕೆ ಸುಳ್ಳು ಹೇಳ್ತೀರಿ ನನ್ನ ಹತ್ತಿರ?"

ರುಫಿನಾ ಅದನ್ನು ಕುಟುಕುವುದಕ್ಕೆ ಹೇಳಲಿಲ್ಲ, ನಿಜವಾಗಿಯೂ ಕೊಂಪಾದ್ರೆಯ ಮಾನ ಉಳಿಸುವುದಕ್ಕೇ ಹೇಳಿದರು. ಅದಕ್ಕೇ ಇರಬೇಕು, ಅರವತ್ತು ದಾಟಿದ ಆ ಗಂಡಸು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತರು. ಅತ್ತು ಮುಗಿಸಿ, ಅಂಗಿಯ ಜೇಬಿನಿಂದ ಅಂಚು ಸವೆದ ಲೈಸೆನ್ಸನ್ನೂ ಆರೋಗ್ಯ ಚೀಟಿಯನ್ನೂ ತೆಗೆದು ಮೇಜಿನ ಮೇಲೆ ಇಟ್ಟರು. ನನ್ನ ಕಡೆ ತಿರುಗಿ, "ನನ್ನ ಹೆಸರು ಬರಿ," ಎಂದರು.

ಚೌಕ ತೆರೆದು ಬರೆದೆ. ಅವತ್ತು ವ್ಯಾನು ಅಲ್ಲಿಯೇ ನಿಂತಿತು. ಅವರು ನನ್ನ ಜೊತೆ ನಡೆದುಕೊಂಡೇ ಆಸ್ಪತ್ರೆಗೆ ಬಂದರು.

ರುಫಿನಾ ನನ್ನ ಜೊತೆ ಮಾತು ಬಿಟ್ಟರು. ಹೋದರೆ ಕೂರಲು ಕುರ್ಚಿ ತೋರಿಸುತ್ತಿದ್ದರು, ಅಷ್ಟೇ. ಕಾಫಿಯಿಲ್ಲ, ನೀರಿಲ್ಲ. ನಾನು ನನ್ನ ಬಾಟಲಿಯ ನೀರು ಕುಡಿದು, ಅವರ ಅಂಕಿ ನೋಡಿ, ಬರಿಗೈಯಲ್ಲಿ ವಾಪಸು ಬರುತ್ತಿದ್ದೆ. ಆ ಬರಿಗೈ ಎಷ್ಟು ಭಾರ ಎಂದು ನಮ್ಮೂರಿನವರಿಗೆ ಹೇಳಬೇಕಾಗಿಲ್ಲ.

ಅನ್ಸೆಲ್ಮೊ ಅವರಿಗೆ ಇನ್ಸುಲಿನ್ ಶುರುವಾಯಿತು. ಲೈಸೆನ್ಸು ಸಿಗಲಿಲ್ಲ. ವ್ಯಾನನ್ನು ಹಿರಿಯ ಮಗಳ ಗಂಡ ಓಡಿಸುತ್ತಾನೆ, ಇವರು ಪಕ್ಕದಲ್ಲಿ ಕೂತು ಬ್ರೇಕ್ ಇಲ್ಲದ ಜಾಗದಲ್ಲಿ ಕಾಲು ಒತ್ತುತ್ತಾರಂತೆ. ಮೇ ತಿಂಗಳ ಹಬ್ಬದಲ್ಲಿ ನಯೇಲಿ ಆ ಉಡುಪನ್ನೇ ಉಟ್ಟಳು. ಎದುರಿನಿಂದ ನೋಡಿದರೆ ತೋಟ, ಬೆನ್ನಿಗೆ ಬರೀ ಕಪ್ಪು ಮಖಮಲ್ಲು. ಬೇರೆಯವರ ಸೂಜಿ ಅದಕ್ಕೆ ತಾಗಬಾರದು ಎಂದು ರುಫಿನಾ ಹಟ ಹಿಡಿದಿದ್ದರು. ಕೇಳಿದವರಿಗೆಲ್ಲ ಹುಡುಗಿ ತಲೆಯೆತ್ತಿ, "ಬೆನ್ನಿಂದು ಮುಂದಿನ ವರ್ಷ," ಎಂದಳು.

ಹಬ್ಬದ ಮಾರನೆಯ ದಿನ ಸುದ್ದಿ ಹೇಳಲು ಹೋದೆ. ಸರಾಸರಿ ನೂರಾ ಇಪ್ಪತ್ತೊಂಬತ್ತು, ನವೆಂಬರಿನ ಪಟ್ಟಿಯಲ್ಲಿ ಅವರ ಹೆಸರು ಮೊದಲನೆಯದು ಎಂದೆ. ಅವರು ಹೂಂ ಎಂದರು. ಬಿಸಿಲಿಗೆ ಬಾಟಲಿ ತೆರೆದು ಗಟಗಟ ಕುಡಿದೆ. ಏಳಬೇಕು ಎನ್ನುವಾಗ ಅವರ ಕೈ ಚಾಚಿ ಬಂದು ನನ್ನ ಮಣಿಕಟ್ಟನ್ನು ಹಿಡಿಯಿತು.

"ಕೂತ್ಕೋ. ಒಂದು ಹನಿ ನೋಡೋಣ."

ನಾಲ್ಕು ತಿಂಗಳ ಮೇಲೆ ಆಡಿದ ಮಾತು. ಊರಿಗೆಲ್ಲ ನೋಡಿದವಳು ನಾನು. ನನ್ನ ಬೆರಳಿಗೆ ಯಾರೂ ಸೂಜಿ ಮುಟ್ಟಿಸಿರಲಿಲ್ಲ. ಅವರು ಮಿಷನ್ನಿನ ಪಕ್ಕದ ಗುಂಡಿಯನ್ನು ತಡವಿ ಫೋನಿನ ನಂಟನ್ನು ಆಫ್ ಮಾಡಿದರು, ನನ್ನ ಉಂಗುರದ ಬೆರಳನ್ನು ಚುಚ್ಚಿ, ಹನಿ ಒತ್ತಿ, ಮಿಷನ್ನನ್ನು ನನ್ನ ಕೈಗೆ ಕೊಟ್ಟರು.

"ಓದು."

ಇನ್ನೂರ ಐವತ್ತಾರು ಎಂದಿತ್ತು. ಎರಡು ಸಲ ನೋಡಿದೆ. ಫೋನು ಸುಮ್ಮನಿತ್ತು, ಎದುರಿಗೆ ಕೂತವರಿಗೆ ಕಣ್ಣು ಕಾಣುತ್ತಿರಲಿಲ್ಲ, ಸುತ್ತ ಯಾರೂ ಇರಲಿಲ್ಲ. ನೂರಾ ಹತ್ತು ಎಂಬ ಮಾತು ನಾಲಗೆಯ ತುದಿಗೆ ಬಂದು ನಿಂತಿತು. ದೋನ್ ಅನ್ಸೆಲ್ಮೊ ಅವರನ್ನು ನಾನು ಎಷ್ಟು ಬೈದಿದ್ದೆ ಎಂಬುದು ನೆನಪಾಯಿತು.

"ಇನ್ನೂರ ಐವತ್ತಾರು ದೋನ್ಯಾ," ಎಂದೆ.

"ಗೊತ್ತಿತ್ತು," ಎಂದರು ಅವರು, ಸ್ಟ್ರಿಪ್ಪನ್ನು ತೆಗೆದು ಡಬ್ಬಿಗೆ ಹಾಕುತ್ತ. "ಅಕ್ಟೋಬರಿಂದ ಕೇಳಿಸ್ಕೊತಾ ಇದ್ದೀನಿ ನೀನು ನೀರು ಕುಡಿಯೋದನ್ನ. ನಾಳೆಯಿಂದ ಬೆಳಿಗ್ಗೆ ಬಾ. ಕೊಂಪಾದ್ರೆನೂ ಬರ್ತಾರೆ."